ಮೋರೆಪಾಡಾದ ಗಂಟೆ

ಮುಷ್ಟಿ ಹುಣಸೆಹಣ್ಣು ಸಾಲುವುದಿಲ್ಲ ಎಂದು ಅರ್ಧ ಗಂಟೆ ತಿಕ್ಕಿದ ಮೇಲೆ ಜಯಲತಾಗೆ ಗೊತ್ತಾಯಿತು. ಹಿತ್ತಾಳೆಯ ಗಂಟೆ ಮೇಲುಗಡೆ ಹೊಳೆಯುತ್ತಿತ್ತು. ಕೆಳಗಿನ ಅಂಚಿನಲ್ಲಿ ಮಾತ್ರ ಒಂದು ವರ್ಷದ ಕಿಲುಬು ಹಟ ಹಿಡಿದು ಕೂತಿತ್ತು. ಸ್ಟೂಲಿನ ಮೇಲೆ ನಿಂತಿದ್ದ ಅವಳ ಮೊಣಕೈಯಿಂದ ಹುಳಿನೀರು ಇಳಿದು ನೀಲಿ ಯೂನಿಫಾರ್ಮ್ ಸೀರೆ ಕಲೆಯಾಗಿತ್ತು.

"ಎಂತ ಹಟ ಮಾರಾಯ್ತಿ ನಿಂದು," ಎಂದು ಅವಳು ಗಂಟೆಗೆ ಬೈದಳು.

"ಅಕ್ಕಾ, ಕನ್ನಡದವ್ರೇನ್ರೀ ನೀವು?"

ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಬೋಳು ಹಣೆ, ಸಿಮೆಂಟಿಗೆ ಬಿರಿದ ಕೈ, ಕೈಯಲ್ಲಿ ಮಡಚಿ ಹಿಡಿದ ಪ್ಲಾಸ್ಟಿಕ್ ಚೀಲ.

"ಹೌದು. ನಿಮಗೆ ಯಾರು ಬೇಕಿತ್ತು?"

"ಭೋಯಿರ್ ಸಾಹೇಬ್ರು ಬೇಕಾಗಿದ್ರು ರೀ. ನಾ ಗುರಮ್ಮ. ಮಾಳಪ್ಪನ ಹೇಣ್ತಿ. ನಿಮ್ಮ ಟ್ಯಾಂಕರ್ ಮ್ಯಾಲ ಇದ್ನಲ್ರೀ, ಆ ಮಾಳಪ್ಪ."

ಜಯಲತಾ ಸ್ಟೂಲಿನಿಂದ ಇಳಿದಳು.

ಆ ಗಂಟೆ ಹಳೆಯ ಎಂಜಿನ್ನಿನದು. ಸೈರನ್ ಬರುವ ಮೊದಲು ಮುಂದೆ ಕುಳಿತವನೊಬ್ಬ ಹಗ್ಗ ಎಳೆದು ಅದನ್ನು ಬಾರಿಸುತ್ತ ಹೋಗುತ್ತಿದ್ದ. ಎಂಜಿನ್ ಗುಜರಿಗೆ ಹೋಯಿತು, ಗಂಟೆ ಮೋರೆಪಾಡಾ ಕೈಗಾರಿಕಾ ವಸಾಹತಿನ ಅಗ್ನಿಶಾಮಕ ಕೇಂದ್ರದ ಜಗಲಿಯಲ್ಲಿ ಉಳಿಯಿತು. ವರ್ಷದಲ್ಲಿ ಅದಕ್ಕೆ ಒಂದೇ ದಿನ ಕೆಲಸ: ಏಪ್ರಿಲ್ ಹದಿನಾಲ್ಕು, ಕರ್ತವ್ಯದಲ್ಲಿ ಸತ್ತವರನ್ನು ನೆನೆಯುವ ದಿನ. ಒಂದೊಂದು ಹೆಸರು ಓದಿದಾಗ ಒಂದೊಂದು ಪೆಟ್ಟು. ಉಳಿದ ದಿನಗಳಲ್ಲಿ ಅದರ ನಾಲಗೆಗೆ ಬಟ್ಟೆ ಸುತ್ತಿಟ್ಟಿರುತ್ತಾರೆ. ಅಪ್ಪಿತಪ್ಪಿ ಅದು ಢಣ್ ಎಂದರೆ ಊಟಕ್ಕೆ ಕೂತವರೂ ಎದ್ದು ಬೂಟಿಗೆ ಕಾಲು ತೂರಿಸಿಬಿಡುತ್ತಾರೆ.

ಜಯಲತಾ ಈ ಕೇಂದ್ರದ ಶಿಪಾಯಿ. ಚಹಾ, ಫೈಲು, ಕಸ, ಕುರ್ಚಿ ಎಲ್ಲ ಅವಳದೇ. ಗಂಡ ವಿಷ್ಣುಮೂರ್ತಿ ಇಲ್ಲಿಯೇ ಫೈರ್‌ಮನ್ ಆಗಿದ್ದ. ಉಡುಪಿ ಕಡೆಯ ಅವರ ಬಂಧುಬಳಗವೆಲ್ಲ ಮುಂಬಯಿಗೆ ಬಂದು ಇಡ್ಲಿ ವಡೆ ನಂಬಿ ಬದುಕಿದರೆ, ಡೊಂಬಿವಲಿಯಲ್ಲಿ ಅಣ್ಣ ಪ್ರೇಮನಾಥನ ಹೊಟೇಲು ಇರುವಾಗಲೂ ವಿಷ್ಣುಮೂರ್ತಿ ಬೆಂಕಿಯ ಕೆಲಸಕ್ಕೆ ಸೇರಿದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಪ್ರೇಮನಾಥ ಗಿರಾಕಿಗಳ ಎದುರೇ ತಮ್ಮನನ್ನು ಗೇಲಿ ಮಾಡುತ್ತಿದ್ದ. 2003ರಲ್ಲಿ ಬಣ್ಣದ ಗೋದಾಮಿನ ಸ್ಲ್ಯಾಬ್ ತಮ್ಮನ ಮೇಲೆ ಕುಸಿದ ದಿನದಿಂದ ಅವನ ಬಾಯಲ್ಲಿ ಆ ಮಾತು ಬರಲಿಲ್ಲ. ಮರುವರ್ಷ ಅನುಕಂಪದ ಆಧಾರದಲ್ಲಿ ಜಯಲತಾಗೆ ಈ ನೌಕರಿ ಸಿಕ್ಕಿತು.

ಹಾಗಾಗಿ ಏಪ್ರಿಲ್ ಹದಿನಾಲ್ಕರಂದು ಅವಳಿಗೆ ಎರಡು ವೇಷ. ಉಲ್ಹಾಸನಗರದ ಅಂಗಡಿಗೆ ಹೋಗಿ ಶಾಲು ತರುವವಳು ಅವಳು, ತೆಂಗಿನಕಾಯಿಗೆ ಅರಸಿನ ಹಚ್ಚುವವಳು ಅವಳು, ಸತ್ತವರ ಮನೆಯವರಿಗೆ ನಾಲ್ಕು ಕುರ್ಚಿ ಹಾಕುವವಳು ಅವಳು. ಅದರಲ್ಲಿ ನಾಲ್ಕನೆಯ ಕುರ್ಚಿ ಅವಳದೇ. ಗಂಟೆ ಹೊಡೆದು, ತಟ್ಟೆ ಹಿಡಿದು ಬಂದು, ಮೂವರಿಗೆ ಶಾಲು ಹೊದೆಸುವ ತನಕ ಅತಿಥಿಯ ಹಿಂದೆ ನಿಂತು, ಆಮೇಲೆ ತಟ್ಟೆ ಬೇರೆಯವರ ಕೈಗೆ ಕೊಟ್ಟು ಓಡಿ ಬಂದು ಕೂರುತ್ತಾಳೆ. ಶಾಲು ಹೊದೆಸುತ್ತಾರೆ, ಫೋಟೊ ತೆಗೆಯುತ್ತಾರೆ. ಶಾಲು ಮಡಚಿಟ್ಟು ಚಹಾ ಹಂಚಲು ಹೋಗುತ್ತಾಳೆ. ತನ್ನ ಸನ್ಮಾನದ ಶಾಲನ್ನು ತಾನೇ ಚೌಕಾಸಿ ಮಾಡಿ ತರುವ ಯೋಗ ಎಷ್ಟು ಜನಕ್ಕುಂಟು ಎಂದು ಅವಳೇ ನಗುತ್ತಿದ್ದಳು. ಮನೆಯ ಕಪಾಟಿನಲ್ಲಿ ಅಂಥ ಒಂಬತ್ತು ಶಾಲುಗಳಿದ್ದವು. ಗಂಡನ ಹೆಸರಿಗೆ ಗಂಟೆ ಹೊಡೆಯುವ ಗಳಿಗೆ ಮಾತ್ರ ನಗುವಿನದಲ್ಲ. ಆ ಪೆಟ್ಟನ್ನು ಬೇರೆಯವರು ಹಾಕುವುದು ಅವಳಿಗೆ ಇಷ್ಟವಿರಲಿಲ್ಲ.

ಮಾಳಪ್ಪನ ನೆನಪು ಅವಳಿಗೆ ಚೆನ್ನಾಗಿತ್ತು. ವಿಜಾಪುರದ ಕಡೆಯವನು, ಠೇಕೆದಾರನ ಗುತ್ತಿಗೆ ಆಳು. ಟ್ಯಾಂಕರಿಗೆ ನೀರು ತುಂಬಿಸುವುದು, ಪೈಪು ಹಾಸುವುದು, ಮತ್ತೆ ಸುತ್ತಿಡುವುದು, ಇಷ್ಟೇ ಅವನ ಕೆಲಸ. ಬೆಂಕಿಯ ಒಳಗೆ ಹೋಗುವ ಅಧಿಕಾರ ಅವನಿಗಿರಲಿಲ್ಲ. ಚಹಾ ಕೊಟ್ಟರೆ ಲೋಟ ತಾನೇ ತೊಳೆದಿಟ್ಟು ಹೋಗುತ್ತಿದ್ದ. ಕೇಂದ್ರದಲ್ಲಿ ಹಾಗೆ ಮಾಡುತ್ತಿದ್ದವನು ಅವನೊಬ್ಬನೇ. ಕಳೆದ ಅಕ್ಟೋಬರಿನಲ್ಲಿ ಥರ್ಮೋಕೋಲ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೊಗೆ ಕುಡಿದು ಮೂರನೆಯ ದಿನ ಆಸ್ಪತ್ರೆಯಲ್ಲಿ ಸತ್ತ. ಯಾರೂ ಹೇಳದೆ ತಾನಾಗಿ ಒಳಗೆ ನುಗ್ಗಿದನಂತೆ, ಹುಚ್ಚು ಧೈರ್ಯ ಎಂದು ಎಲ್ಲರೂ ಹೇಳಿದ್ದರು. ಜಯಲತಾ ಕೂಡ ಹಾಗೆಂದೇ ನಂಬಿದ್ದಳು.

ಗುರಮ್ಮ ಚೀಲದಿಂದ ಒಂದು ಕಾಗದ ತೆಗೆದಳು. ಮಡಿಕೆಗಳಲ್ಲಿ ಹರಿಯುವ ಹಾಗಾಗಿತ್ತು. ಮರಾಠಿಯಲ್ಲಿ ಟೈಪು ಮಾಡಿದ ವರದಿ. ಠೇಕೆ ಕಾರ್ಮಿಕ ಮಾಳಪ್ಪ ಯಾರ ಆದೇಶವೂ ಇಲ್ಲದೆ ಸ್ವಂತ ಇಚ್ಛೆಯಿಂದ ಒಳಗೆ ಹೋದನು, ಆದ ಅನಾಹುತಕ್ಕೆ ಅವನೇ ಹೊಣೆ ಎಂದಿತ್ತು. ಕೆಳಗೆ ಸಾಕ್ಷಿಯ ಜಾಗದಲ್ಲಿ ಲೀಡಿಂಗ್ ಫೈರ್‌ಮನ್ ಭೋಯಿರನ ಸಹಿ.

"ನಮ್ಮ ಚಾಳಿನಾಗ ಒಬ್ಬಾಂವ ಓದಿ ಹೇಳ್ದ ರೀ," ಎಂದಳು ಗುರಮ್ಮ. "ಈಗ ಮಂದಿ ಒಂದೊಂದ ಅಂತಾರ. ಕುಡದ ಹೋಗಿದ್ದನೇನೋ ಅಂತಾರ. ಊರಾಗ ನಮ್ಮತ್ತಿನೂ ಹಂಗ ತಿಳಕೊಂಡಾಳ. ದವಾಖಾನ್ಯಾಗ ಉಸರಿಗೆ ಒದ್ದಾಡಕೋಂತ ನನ್ನ ಮುಂದ ಹೇಳ್ಯಾನ್ರೀ ಅಂವ. 'ಭೋಯಿರ್ ಸಾಹೇಬ್ರು ಹೆಸರ ಹಿಡದು ಕರದ್ರು, ಅದಕ್ಕ ಹೋದೆ' ಅಂದ. ಸಾಯಾಂವ ಸುಳ್ಳ ಹೇಳ್ತಾನೇನ್ರೀ ಅಕ್ಕಾ?"

"ಈಗ ನಿಮಗೆ ಎಂತ ಆಗ್ಬೇಕು? ದುಡ್ಡಿನದ್ದಾದ್ರೆ ಹೆಡ್ಡಾಫೀಸಿನಲ್ಲಿ..."

"ರೊಕ್ಕದ ಮಾತಲ್ರೀ. ಠೇಕೆದಾರ ಏನೋ ಕೊಟ್ಟ, ಅದು ಮುಗೀತು. ನಾ ಖಾರಘರದಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ತೀನಿ, ಹೊಟ್ಟಿಗೆ ಆಗ್ತೈತಿ. ಕರದದ್ದು ಖರೇ ಅನ್ಲಿ ಅವ್ರು. ಮಂದಿ ಮುಂದ ಒಮ್ಮೆ ಅಂದ್ರ ಸಾಕ್ರೀ."

ಎಲ್ಲೋ ಬೆಂಕಿಯ ಕರೆ ಬಂದು ಭೋಯಿರ್ ಹೊರಗೆ ಹೋಗಿದ್ದ. ಯಾವಾಗ ಬರುತ್ತಾನೋ ಹೇಳುವಂತಿರಲಿಲ್ಲ. ಜಯಲತಾ ಅವಳನ್ನು ಕೂರಿಸಿ ಚಹಾ ಕೊಟ್ಟಳು. ಗುರಮ್ಮ ಕುಡಿದು, ಎದ್ದು, ನಲ್ಲಿಯ ಹತ್ತಿರ ಹೋಗಿ ಲೋಟ ತೊಳೆದು ಬೋರಲು ಹಾಕಿದಳು. ಜಯಲತಾ ಗೇಟಿನ ತನಕ ಅವಳ ಜೊತೆ ನಡೆದಳು.

"ನಾಳೆ ಬೆಳಿಗ್ಗೆ ಎಂಟೂವರೆಗೆ ಬಾ," ಎಂದಳು. "ಇಲ್ಲಿ ಕಾರ್ಯಕ್ರಮ ಉಂಟು. ಎಂತ ಆಗ್ತದೆ ಅಂತ ನಾನು ಹೇಳುದಿಲ್ಲ. ಆದ್ರೆ ಬಾ."

ಮಧ್ಯಾಹ್ನ ಎಂಜಿನ್ ವಾಪಸು ಬಂತು. ಒದ್ದೆ ಪೈಪುಗಳನ್ನು ಒಣಗಲು ಗೋಪುರಕ್ಕೆ ಏರಿಸುತ್ತಿದ್ದ ಭೋಯಿರನ ಹತ್ತಿರ ಹೋಗಿ ಜಯಲತಾ ಪೀಠಿಕೆಯಿಲ್ಲದೆ ಮರಾಠಿಯಲ್ಲಿ ಕೇಳಿದಳು: "ಮಾಳಪ್ಪನನ್ನು ನೀವು ಕರೆದಿದ್ದಿರಾ?"

ಭೋಯಿರ್ ಅಲ್ಲಿಯದೇ ಹಳ್ಳಿಯವನು, ದಪ್ಪ ಮೀಸೆ, ಮೂವತ್ತು ವರ್ಷದ ಸರ್ವಿಸು. ಸ್ಲ್ಯಾಬಿನ ಅಡಿಯಿಂದ ವಿಷ್ಣುಮೂರ್ತಿಯನ್ನು ಹೊರಗೆ ಹೊತ್ತು ತಂದವನು ಇವನೇ. ಈ ನೌಕರಿಯ ಅರ್ಜಿ ಹಿಡಿದು ಆಫೀಸಿನಿಂದ ಆಫೀಸಿಗೆ ಅವಳ ಜೊತೆ ಅಲೆದವನೂ ಇವನೇ. ಅವಳನ್ನು ಅತ್ತಿಗೆ ಎಂಬ ಅರ್ಥದಲ್ಲಿ ವಹಿನಿ ಎಂದು ಕರೆಯುತ್ತಿದ್ದ. ಹಗ್ಗ ಎಳೆಯುತ್ತಿದ್ದವನು ಅದನ್ನು ಕೊಕ್ಕೆಗೆ ಸುತ್ತಿದ.

"ಯಾರು ಹೇಳಿದರು?"

"ಅವನ ಹೆಂಡತಿ ಬಂದಿದ್ದಳು."

"ನನ್ನ ಕಾಲು ಕಬ್ಬಿಣದ ರ‍್ಯಾಕಿನ ಅಡಿಗೆ ಸಿಕ್ಕಿಕೊಂಡಿತ್ತು ವಹಿನಿ. ಏನೂ ಕಾಣುತ್ತಿರಲಿಲ್ಲ. ಮಾಸ್ಕ್ ಕಿತ್ತು ಕೂಗಿದೆ. ಬೆಳಿಗ್ಗೆಯಿಂದ ಅವನ ಜೊತೆಗೇ ಪೈಪು ಹಾಸಿದ್ದೆ, ಅವನ ಹೆಸರೇ ಬಾಯಿಗೆ ಬಂತು. ಪೈಪು ತಡವಿಕೊಂಡು ಬಂದ. ಪೈಪಿನ ಜೋಡಣೆ ಕೈಗೆ ಸಿಕ್ಕರೆ, ಅದರ ಆಕಾರದಿಂದ ಹೊರಗಿನ ದಾರಿ ಯಾವ ಕಡೆ ಅಂತ ತಿಳಿಯುತ್ತದೆ. ನಾನೇ ಕಲಿಸಿದ್ದು. ರ‍್ಯಾಕ್ ಎತ್ತಿ ನನ್ನನ್ನು ಎಳೆದುಕೊಂಡು ಬಂದ. ಗೇಟಿನ ಹತ್ತಿರ ಅವನೇ ಬಿದ್ದ."

"ಹಾಗಾದರೆ ಈ ಸಹಿ?"

"ಮಾಸ್ಕ್ ಇಲ್ಲದ ಠೇಕೆಯವನನ್ನು ಒಳಗೆ ಕರೆದೆ ಎಂದರೆ ವಿಚಾರಣೆ ಆಗುತ್ತದೆ. ಪೆನ್ಷನ್ ನಿಲ್ಲುತ್ತದೆ. ಬರೆದು ತಂದರು, ಹಾಕಿದೆ. ಇನ್ನೊಂದು ವರ್ಷ ಇದೆ ನನಗೆ." ಅವನು ಅವಳ ಮುಖ ನೋಡಲಿಲ್ಲ. "ಸತ್ತವನು ಹೇಗೂ ಸತ್ತ ವಹಿನಿ."

ಜಯಲತಾಗೆ ಸಿಟ್ಟು ನೆತ್ತಿಗೇರಿತು. ಆದರೆ ಬೈಯುವುದು ಯಾರಿಗೆ? ಈ ಮನುಷ್ಯನ ಋಣ ಅವಳ ಮೇಲೆ ಹತ್ತು ವರ್ಷದಿಂದ ಇದೆ. ಗುರಮ್ಮ ತೊಳೆದಿಟ್ಟ ಲೋಟ ಕಣ್ಣ ಮುಂದೆ ಬಂತು. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಪಾಡು ಅವಳದು. ತಿರುಗಿ ಬಂದಳು.

ಸಂಜೆ ಕೇಂದ್ರದ ಅಧಿಕಾರಿ ಸಾಹೇಬರ ಮೇಜಿಗೆ ಚಹಾ ಇಡುವಾಗ ಒಂದು ಮಾತು ಕೇಳಿ ನೋಡಿದಳು. ಸಾಹೇಬರು ಹೊಸಬರು, ಬಂದು ಆರು ತಿಂಗಳಾಗಿರಲಿಲ್ಲ, ಕೆಟ್ಟವರೇನಲ್ಲ. "ಪಟ್ಟಿ ಹೆಡ್ಡಾಫೀಸಿನಿಂದ ಬರುತ್ತದೆ. ನಾಲ್ಕು ಹೆಸರಿದೆ. ಐದನೆಯದನ್ನು ನಾನು ಎಲ್ಲಿಂದ ತರಲಿ?" ಎಂದರು. ಆಮೇಲೆ ಫೈಲಿನಿಂದ ಕಣ್ಣೆತ್ತದೆ ಸೇರಿಸಿದರು: "ನೀವು ನಿಮ್ಮ ಗಂಟೆ ನೋಡಿಕೊಳ್ಳಿ ಜಯಲತಾಬಾಯಿ, ಅಷ್ಟು ಸಾಕು."

ಸರಿ, ಎಂದಳು ಜಯಲತಾ. ಮನೆಗೆ ಹೋಗುವ ದಾರಿಯಲ್ಲಿ ಇನ್ನೊಂದು ಮುಷ್ಟಿ ಹುಣಸೆಹಣ್ಣು ಕೊಂಡಳು.

ಮರುದಿನ ಭಾನುವಾರ. ಅಂಬೇಡ್ಕರ್ ಜಯಂತಿಯೂ ಅಂದೇ ಆದ್ದರಿಂದ ವಸಾಹತಿನ ರಸ್ತೆಯ ತುಂಬ ನೀಲಿ ಬಾವುಟ, ನಾಕಾದ ಕೂಡುರಸ್ತೆಯಲ್ಲಿ ಬೆಳಿಗ್ಗೆಯೇ ಢೋಲು ಶುರುವಾಗಿತ್ತು. ಮುಖ್ಯ ಅತಿಥಿ ನಗರಸೇವಕರಿಗೆ, ಅಂದರೆ ವಾರ್ಡಿನ ಕಾರ್ಪೊರೇಟರಿಗೆ, ಆ ದಿನ ಹೋಗಬೇಕಾದ ಕಾರ್ಯಕ್ರಮಗಳು ಏಳು. ಕಾರಿನಿಂದ ಇಳಿಯುವಾಗಲೇ ಅವರು ಗಡಿಯಾರ ನೋಡಿಕೊಂಡರು.

ಗುರಮ್ಮ ಎಂಟು ಗಂಟೆಗೇ ಬಂದಿದ್ದಳು. ಒಗೆದ ಸೀರೆ, ತಲೆಗೆ ಎಣ್ಣೆ. ಜಯಲತಾ ಅವಳನ್ನು ಚಹಾದ ಮೇಜಿನ ಪಕ್ಕದಲ್ಲಿ, ಗಂಟೆಗೆ ಹತ್ತಿರವಾಗುವಂತೆ ನಿಲ್ಲಿಸಿದಳು. ಗಂಟೆಯ ನಾಲಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅವಳ ಕೈಗೆ ಕೊಟ್ಟಳು.

"ಇದನ್ನು ಹಿಡ್ಕೊ. ಕಳೀಬೇಡ, ಆಮೇಲೆ ಬೇಕು."

"ಭೋಯಿರ್ ಸಾಹೇಬ್ರು ಯಾರ್ರೀ ಅಕ್ಕಾ?"

"ಅಲ್ಲಿ, ಪುಸ್ತಕ ಹಿಡ್ಕೊಂಡು ನಿಂತಿದ್ದಾರಲ್ಲ. ಮೀಸೆಯವರು."

ಗುರಮ್ಮ ಅವನನ್ನು ಕಣ್ಣೆವೆಯಿಕ್ಕದೆ ನೋಡಿದಳು. ಭೋಯಿರ್ ಕೂಡ ಒಮ್ಮೆ ಇತ್ತ ನೋಡಿ, ಯಾರೆಂದು ತಿಳಿದವನಂತೆ ಕಣ್ಣು ಪುಸ್ತಕಕ್ಕೆ ಇಳಿಸಿದ. ಹೆಸರು ಓದುವುದು ಪ್ರತಿವರ್ಷ ಅವನ ಕೆಲಸ.

ಸಿಬ್ಬಂದಿ ಎರಡು ಸಾಲಾಗಿ ನಿಂತರು. ಭೋಯಿರ್ ಮೊದಲ ಹೆಸರು ಓದಿದ. ಜಯಲತಾ ನಾಲಗೆಯ ಹಗ್ಗ ಎಳೆದಳು. ಎಲ್ಲರ ಕೈ ಹಣೆಗೆ ಹೋಯಿತು. ನಾದ ಒಂದಿಷ್ಟು ಹರಡಿದ ಮೇಲೆ ಅವಳು ಅಂಗೈ ಅಡ್ಡ ಇಟ್ಟು ನಿಲ್ಲಿಸಿದಳು, ಕೈಗಳು ಇಳಿದವು. ಎರಡನೆಯ ಹೆಸರು, ಎರಡನೆಯ ಪೆಟ್ಟು. ಮೂರನೆಯದು. ಆಮೇಲೆ, "ಶಹೀದ್ ಫೈರ್‌ಮನ್ ವಿಷ್ಣುಮೂರ್ತಿ." ಅವಳು ಎಳೆದಳು. ಈ ಒಂದು ಪೆಟ್ಟಿಗೆ ಮಾತ್ರ ಅವಳು ಅಂಗೈ ಇಡುವುದಿಲ್ಲ, ಅದು ತಾನಾಗಿ ಆರುವ ತನಕ ಬಿಡುತ್ತಾಳೆ. ಅದು ಎಲ್ಲರಿಗೂ ಗೊತ್ತು, ಯಾರೂ ಆಕ್ಷೇಪಿಸಿಲ್ಲ. ನಾಕಾದ ಢೋಲಿನ ನಡುವೆಯೂ ಅದು ಬಹಳ ಹೊತ್ತು ಕೇಳಿತು.

ಕೈಗಳು ಇಳಿದವು. ಭೋಯಿರ್ ಪುಸ್ತಕ ಮುಚ್ಚಿದ. ಸಾಹೇಬರು ಅತಿಥಿಗಳ ಕಡೆ ತಿರುಗಿ, ಮುಂದಿನ ಕಾರ್ಯಕ್ರಮಕ್ಕೆ ಬಾಯಿ ತೆರೆದರು.

ಜಯಲತಾ ಮತ್ತೆ ಹಗ್ಗ ಎಳೆದಳು.

ಹೆಸರಿಲ್ಲದ ಪೆಟ್ಟು. ಸಾಲಿನಲ್ಲಿದ್ದವರು ಅಭ್ಯಾಸಬಲದಿಂದ ಕೈ ಅರ್ಧ ಎತ್ತಿ, ಯಾರಿಗೆ ಎಂದು ತಿಳಿಯದೆ ಹಾಗೇ ನಿಂತರು. ಸಾಹೇಬರು ಜಗಲಿಯ ಕಡೆ ತಿರುಗಿದರು. ಜಯಲತಾ ಅವರನ್ನು ನೋಡಲಿಲ್ಲ, ಗಂಟೆಗೆ ಅಂಗೈಯನ್ನೂ ಇಡಲಿಲ್ಲ. ಅವಳು ಭೋಯಿರನನ್ನು ನೋಡುತ್ತಿದ್ದಳು. ನೌಕರಿ ಹೋದರೆ ಪ್ರೇಮನಾಥ ಭಾವನ ಹೊಟೇಲಿನಲ್ಲಿ ತೆಂಗಿನಕಾಯಿ ತುರಿಯುವುದು ಇದ್ದೇ ಇದೆ ಎಂಬ ಯೋಚನೆಯೂ ಆ ಹೊತ್ತಿನಲ್ಲೇ ಬಂದುಹೋಯಿತು.

ನಾದ ಸಣ್ಣಗಾಗುತ್ತ ಬಂತು. ಭೋಯಿರ್ ಮುಚ್ಚಿದ ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದ.

"ಮಾಳಪ್ಪಾ!"

ಅದು ಹೆಸರು ಓದುವ ದನಿಯಾಗಿರಲಿಲ್ಲ. ಹೆಸರಿಗೆ ಮೊದಲು ಶಹೀದ್ ಇಲ್ಲ, ಹುದ್ದೆಯಿಲ್ಲ. ದೂರದಲ್ಲಿದ್ದವನನ್ನು ಕೂಗುವ ಹಾಗೆ, ಗಂಟಲು ಹರಿಯುವ ಹಾಗೆ ಕೂಗಿದ. ಕಾರಿನ ಹತ್ತಿರ ನಿಂತಿದ್ದ ನಗರಸೇವಕರ ಡ್ರೈವರನೂ ತಿರುಗಿ ನೋಡಿದ. ಆಮೇಲೆ ಭೋಯಿರ್ ಸಾಮಾನ್ಯ ದನಿಯಲ್ಲಿ, ಯಾರ ಮುಖವನ್ನೂ ನೋಡದೆ ಹೇಳಿದ:

"ಮೀ ಹಾಕ್ ಮಾರಲಿ. ತೋ ಆಲಾ."

ನಾನು ಕರೆದೆ, ಅವನು ಬಂದ. ಅಷ್ಟು ಮರಾಠಿ ಗುರಮ್ಮನಿಗೂ ಬರುತ್ತಿತ್ತು.

ಮೊದಲು ಯಾರು ಕೈ ಎತ್ತಿದರೋ ಹೇಳುವುದು ಕಷ್ಟ. ಅಕ್ಟೋಬರಿನ ಆ ಬೆಂಕಿಯಲ್ಲಿ ಇದ್ದವರೇ ಇರಬೇಕು. ಎರಡೂ ಸಾಲಿನವರ ಕೈ ಹಣೆಗೆ ಹೋಯಿತು. ಸಿಬ್ಬಂದಿಯೆಲ್ಲ ಸೆಲ್ಯೂಟಿನಲ್ಲಿ ನಿಂತಿರುವಾಗ ಅಧಿಕಾರಿಯೊಬ್ಬ ಕೈ ಕಟ್ಟಿ ನಿಲ್ಲುವುದು ಹೇಗೆ? ಸಾಹೇಬರೂ ಕೈ ಎತ್ತಿದರು. ಗಂಟೆ ತಾನಾಗಿ ಆರಿತು.

ಭೋಯಿರ್ ವಾಚ್‌ರೂಮಿಗೆ ಹೋಗಿ ಒಂದು ಕುರ್ಚಿ ಎತ್ತಿಕೊಂಡು ಬಂದ. ಕಬ್ಬಿಣದ ಕುರ್ಚಿ, ಬೆನ್ನಿಗೆ ಯಾರದೋ ಟವೆಲು ಹಾಕಿತ್ತು. ಟವೆಲು ತೆಗೆದು ನಾಲ್ಕನೆಯ ಕುರ್ಚಿಯ ಪಕ್ಕ ಇಟ್ಟ. ಚಹಾದ ಮೇಜಿನ ಹತ್ತಿರ ಬಂದು ಗುರಮ್ಮನ ಎದುರು ನಿಂತ. ಕುರ್ಚಿಯ ಕಡೆ ಕೈ ತೋರಿಸಿದ. ಅವಳು ಹೋಗಿ ಅಂಚಿನಲ್ಲಿ ಕೂತಳು.

ನಗರಸೇವಕರಿಗೆ ಇದೆಲ್ಲ ಕಾರ್ಯಕ್ರಮದ ಭಾಗವೆಂದೇ ಕಂಡಿರಬೇಕು. ತಟ್ಟೆಯಿಂದ ಶಾಲು ತೆಗೆದು, ಹೊದೆಸಿ, ಕಾಯಿ ಕೊಟ್ಟು, ಕ್ಯಾಮೆರಾ ನೋಡಿ, ಸರಸರನೆ ಸಾಗಿದರು. ಮೂವರಾದ ಮೇಲೆ ಜಯಲತಾ ಓಡಿ ಬಂದು ಕೂತಳು, ಅವಳ ಹತ್ತನೆಯ ಶಾಲು ಬಂತು. ಆಮೇಲೆ ಅವರು ಐದನೆಯ ಕುರ್ಚಿಗೆ ಬಂದರು. ತಟ್ಟೆಯಲ್ಲಿ ಉಳಿದದ್ದು ಒಂದೇ ಶಾಲು, ಜರಿ ಅಂಚಿನದು. ಮುಖ್ಯ ಅತಿಥಿಗೆಂದು ಸಾಹೇಬರು ಹೇಳಿ ತರಿಸಿದ್ದು. ಉಲ್ಹಾಸನಗರದಲ್ಲಿ ಅದನ್ನು ಆರಿಸಲು ಜಯಲತಾ ಅರ್ಧ ಗಂಟೆ ಕಳೆದಿದ್ದಳು. ನಗರಸೇವಕರು ಅದನ್ನು ಬಿಡಿಸಿ ಗುರಮ್ಮನ ಹೆಗಲಿಗೆ ಹೊದೆಸಿದರು. ಅವರನ್ನು ಸನ್ಮಾನಿಸಲು ಎದ್ದ ಸಾಹೇಬರು ಬರಿಯ ತಟ್ಟೆ ನೋಡಿ, ಗುಲಾಬಿಯ ಹಾರವೊಂದನ್ನೇ ಹಾಕಿ ಕೈ ಮುಗಿದರು. ಅದಕ್ಕೂ ನಗರಸೇವಕರು ನಕ್ಕರು. ಅವರಿಗೆ ಇನ್ನೂ ಆರು ಕಾರ್ಯಕ್ರಮಗಳಿದ್ದವು.

ಕಾರು ಹೋದ ಮೇಲೆ ಸಾಹೇಬರು ಜಗಲಿಗೆ ಬಂದರು. "ನಾಳೆ ಹತ್ತು ಗಂಟೆಗೆ ನನ್ನ ಕ್ಯಾಬಿನ್ನಿಗೆ. ನೀವೂ, ಭೋಯಿರೂ. ಆ ಹಳೇ ವರದಿಯ ಪ್ರತಿ ಯಾರ ಹತ್ತಿರ ಇದೆಯೋ ಅದನ್ನೂ ತರಿಸಿ," ಎಂದರು. ಮೆಮೊ ಕೊಡಲಿಕ್ಕೋ ಬೇರೆ ಏನಕ್ಕೋ ಅವರ ದನಿಯಿಂದ ತಿಳಿಯಲಿಲ್ಲ. "ಆಯ್ತು ಸಾಹೇಬ್," ಎಂದಳು ಜಯಲತಾ.

ಚಹಾ ಮುಗಿಯಿತು. ಭೋಯಿರ್ ಲೋಟ ಮುಟ್ಟದೆ ಗೋಪುರದ ಕಡೆ ಹೋಗಿದ್ದ. ನಲ್ಲಿಯ ಹತ್ತಿರ ಗುರಮ್ಮ ಕೂತು ಐವತ್ತು ಲೋಟಗಳನ್ನು ತೊಳೆಯತೊಡಗಿದ್ದಳು. ಜರಿಯ ಶಾಲು ಒದ್ದೆಯಾಗದಂತೆ ಮಡಚಿ ತೆಂಗಿನಕಾಯಿಯ ಜೊತೆ ಕಟ್ಟೆಯ ಮೇಲಿಟ್ಟಿದ್ದಳು. ಬೇಡವೆಂದರೂ ಕೇಳಲಿಲ್ಲ. ಜಯಲತಾ ಕುರ್ಚಿಗಳನ್ನು ಮಡಚಿ ಒಳಗಿಟ್ಟು, ಸ್ಟೂಲು ತಂದು ಗಂಟೆಯ ಕೆಳಗೆ ಹಾಕಿದಳು.

"ಗುರಮ್ಮಾ, ಆ ಬಟ್ಟೆ ಕೊಡು."

ಗುರಮ್ಮ ಕೈ ಒರೆಸಿಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಯನ್ನು ತಂದು ಕೊಟ್ಟಳು. "ಒಂದೀಟ ಹಸಿ ಆಗೇತ್ರಿ ಅಕ್ಕಾ," ಎಂದಳು. "ಒಣಗ್ಸಿ ಕೊಡ್ಲೇನು?"

ಬಟ್ಟೆ ಒಂದು ಕಡೆ ಪೂರ್ತಿ ತೊಯ್ದಿತ್ತು. ಮೇಲುಗಡೆ ಎಣ್ಣೆಯ ಕಲೆ, ಮುಖ ಒತ್ತಿ ಹಿಡಿದ ಗುರುತು.

"ಬೇಡ," ಎಂದಳು ಜಯಲತಾ. ಸ್ಟೂಲು ಹತ್ತಿ, ಒದ್ದೆ ಕಡೆಯನ್ನು ಒಳಗೆ ಮಾಡಿ, ಗಂಟೆಯ ನಾಲಗೆಗೆ ಅದನ್ನು ಬಿಗಿಯಾಗಿ ಸುತ್ತಿ ಕಟ್ಟಿದಳು.